ಅಜ್ಜನ ಕ್ಯಾಸೆಟ್: ಎಐಗೆ ಏನು ತೆಗೆಯಲು ಕೊಡಬೇಕು, ಏನು ಕೊಡಬಾರದು

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನವನು. ನಮ್ಮ ಅಜ್ಜ ತತ್ವಪದ ಹಾಡುತ್ತಿದ್ದರು. ಅಮಾವಾಸ್ಯೆಯ ಭಜನೆಗಳಲ್ಲಿ ನಮ್ಮ ಕಾಕಾ ಟೂ ಇನ್ ಒನ್‌ನಲ್ಲಿ ರೆಕಾರ್ಡ್ ಮಾಡಿದ 14 ಕ್ಯಾಸೆಟ್‌ಗಳು ಈಗ ಸಿಕ್ಕಿವೆ. ಎಲ್ಲವೂ 1992ರಿಂದ 1997ರ ನಡುವಿನವು. ಪೇಟಿ (ಹಾರ್ಮೋನಿಯಂ) ಜೋರಾಗಿದೆ, ಅಜ್ಜನ ದನಿ ಸಣ್ಣದಾಗಿದೆ. ಫ್ಯಾನಿನ ಸದ್ದು, ಗುಂಯ್ ಎನ್ನುವ ಕರೆಂಟಿನ ಸದ್ದು ಉದ್ದಕ್ಕೂ ಇದೆ. ಎಐ ಅಂದರೆ ಎಲ್ಲರೂ ಹಾಡು ಬರೆದುಕೊಡುವುದನ್ನೇ ಹೇಳುತ್ತಾರೆ. ನನಗೆ ಅದು ಬೇಡ. ಇರುವ ಹಾಡನ್ನೇ ಕೇಳುವ ಹಾಗೆ ಮಾಡಲು ಅದು ಉಪಯೋಗಕ್ಕೆ ಬರುತ್ತದೆಯೇ? ಯಾದಗಿರಿಯಲ್ಲಿ ಒಂದು ರೂಮಿನ ಸಣ್ಣ ಸ್ಟುಡಿಯೊ ಇಟ್ಟಿದ್ದೇನೆ. ಅಲ್ಲಿಯ ಕೆಲಸಕ್ಕೂ ಒಂದೆರಡು ಮಾತು ಹೇಳಿ.

ಉತ್ತರ: ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಹತ್ತು ವರ್ಷದ ಹಿಂದೆ ನೀವು ಇದೇ ಪ್ರಶ್ನೆ ಕೇಳಿದ್ದರೆ, ಫ್ಯಾನಿನ ಸದ್ದು ಸ್ವಲ್ಪ ತಗ್ಗಿಸಬಹುದು, ಪೇಟಿಯಿಂದ ದನಿಯನ್ನು ಬಿಡಿಸುವುದು ಆಗದ ಮಾತು ಎಂದು ಹೇಳಿ ಕಳಿಸುತ್ತಿದ್ದೆ. ಈಗ ಅದು ಮನೆಯ ಲ್ಯಾಪ್‌ಟಾಪಿನಲ್ಲೇ ಆಗುವ ಕೆಲಸ. ಆದರೆ ಈ ಸಲಕರಣೆಗಳು ಯಾವ ಸಂಗೀತ ಕೇಳಿ ಕಲಿತವೋ ಅದರಲ್ಲಿ ತತ್ವಪದ ಇರಲಿಲ್ಲ. ಹಾಗಾಗಿ ಯಾವುದು ಕಸ, ಯಾವುದು ಹಾಡು ಎಂಬ ತೀರ್ಮಾನವನ್ನು ಅವುಗಳ ಕೈಗೆ ಕೊಡಬೇಡಿ. ಅದನ್ನು ಮಾಡಬೇಕಾದವರು ನೀವು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಜೇವರ್ಗಿ ಕಡೆಯ ಹಿರಿಯ ಹಾಡುಗಾರರೊಬ್ಬರು ಕಲಬುರಗಿಯ ನನ್ನ ಸ್ಟುಡಿಯೊಕ್ಕೆ ತಮ್ಮ ಹಳೆಯ ಕ್ಯಾಸೆಟ್ ತಂದಿದ್ದರು. ಮಾತಿನ ರೆಕಾರ್ಡಿಂಗ್ ಸ್ವಚ್ಛ ಮಾಡುವ ಎಐ ಒಂದು ಆಗ ಹೊಸದಾಗಿ ಕೈಗೆ ಸಿಕ್ಕಿತ್ತು. ಅದರಲ್ಲಿ ಹಾಕಿ ತೆಗೆದೆ. ಫ್ಯಾನು ಹೋಯಿತು, ಟೇಪಿನ ಸುಯ್ ಹೋಯಿತು, ದನಿ ಎದುರಿಗೆ ಕೂತು ಹಾಡಿದಷ್ಟು ನಿಚ್ಚಳವಾಯಿತು. ನನಗೆ ಖುಷಿಯೋ ಖುಷಿ. ಅವರು ಹೆಡ್‌ಫೋನ್ ಹಾಕಿಕೊಂಡು ಎರಡು ನುಡಿ ಕೇಳಿದರು. ಆಮೇಲೆ ಅದನ್ನು ತೆಗೆದು, "ನಮ್ಮ ಏಕತಾರಿ ಎಲ್ಲಿ ಹೋತ್ರಿ ಸರ?" ಅಂದರು. ನಾನು ಗಮನಿಸಿಯೇ ಇರಲಿಲ್ಲ. ನಲವತ್ತು ವರ್ಷ ಅವರ ಬೆರಳಲ್ಲಿ ಮಿಡಿದ ತಂತಿಯನ್ನು ಆ ಸಾಫ್ಟ್‌ವೇರ್ ಫ್ಯಾನಿನ ಜೊತೆ ಸೇರಿಸಿ ಗುಡಿಸಿಬಿಟ್ಟಿತ್ತು.

ಕಾರಣ ಹೀಗಿದೆ. ಮೀಟಿಂಗ್ ಆ್ಯಪ್‌ಗಳಲ್ಲಿ, ಪಾಡ್‌ಕಾಸ್ಟ್ ಸಲಕರಣೆಗಳಲ್ಲಿ ಇರುವ ಸದ್ದು ತೆಗೆಯುವ ಎಐ ಮನುಷ್ಯರ ಮಾತನ್ನು ಕೇಳಿ ಕಲಿತದ್ದು. ಮಾತು ಕ್ಷಣಕ್ಕೊಮ್ಮೆ ಬದಲಾಗುತ್ತದೆ. ಬದಲಾಗದೆ ಒಂದೇ ಸಮನೆ ನಿಂತದ್ದು ಅದರ ಲೆಕ್ಕದಲ್ಲಿ ಗದ್ದಲ. ಏಕತಾರಿಯ ಮಿಡಿತ, ಪೇಟಿಯಲ್ಲಿ ಹಿಡಿದಿಟ್ಟ ಷಡ್ಜ, ಹಾಡುಗಾರ ಉಸಿರು ಕಟ್ಟಿ ನಿಲ್ಲಿಸಿದ ಆಕಾರ, ಇವೆಲ್ಲವೂ ಒಂದೇ ಸಮನೆ ನಿಲ್ಲುವಂಥವೇ. ಆದ್ದರಿಂದ ಮೊದಲ ಮಾತು: ಮಾತಿಗಾಗಿ ಮಾಡಿದ ಎಐಯನ್ನು ಹಾಡಿನ ಹತ್ತಿರ ತರಬೇಡಿ, ಅದರ ಫಲಿತಾಂಶ ಎಷ್ಟೇ ಚೆಂದ ಕೇಳಿಸಲಿ.

ಎಐ ಇರಲಿ, ಮೊದಲು ಕ್ಯಾಸೆಟ್ಟಿನ ಕೆಲಸವಿದೆ. ನಿಮ್ಮ ಫಲಿತಾಂಶದ ಮುಕ್ಕಾಲು ಪಾಲು ಇಲ್ಲೇ ನಿರ್ಧಾರವಾಗುತ್ತದೆ. ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಗ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಜ್ಜನ ದನಿ ಅಳಿಯುವುದಿಲ್ಲ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಟ್ರಂಕಿನಲ್ಲಿ ಮೂವತ್ತು ಬೇಸಿಗೆ ಕಳೆದ ಟೇಪು ಸುರುಳಿಗೆ ಅಂಟಿಕೊಂಡಿರುತ್ತದೆ. ನೇರ ಪ್ಲೇ ಮಾಡದೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಸ್ಪಂಜು ಉದುರಿದ್ದರೆ, ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಟೇಪನ್ನು ವರ್ಗಾಯಿಸಿ. ಹೆಡ್ ಮತ್ತು ರಬ್ಬರ್ ರೋಲರ್ ಒರೆಸಿಕೊಳ್ಳಿ.

ಇದಾದ ಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ಕಾಕಾ ಅವರ ಟೂ ಇನ್ ಒನ್‌ನ ಹೆಡ್ ಯಾವ ಓರೆಯಲ್ಲಿತ್ತೋ, ನಿಮ್ಮ ಡೆಕ್ಕಿನ ಹೆಡ್ ಅದೇ ಓರೆಗೆ ಬರಬೇಕು. ಇಲ್ಲದಿದ್ದರೆ ದನಿ ಕೌದಿ ಹೊದ್ದ ಹಾಗೆ ಮಂಕಾಗುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ತಾಳದ ಝಣ್ ಎಲ್ಲಿ ಅತಿ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸಿ. ಈ ಒಂದು ತಿರುವಿನಲ್ಲಿ ಬರುವ ಹೊಳಪನ್ನು ಆಮೇಲೆ ಯಾವ ಎಐಯೂ ತಂದುಕೊಡಲಾರದು. ರೆಕಾರ್ಡ್ ಮಾಡಿಕೊಳ್ಳುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಇಲ್ಲದಿದ್ದರೆ ಹಳೆಯ ಗುಂಯ್‌ಗೆ ಹೊಸ ಗುಂಯ್ ಸೇರಿಕೊಳ್ಳುತ್ತದೆ. 24 ಬಿಟ್, 96 ಕಿಲೋಹರ್ಟ್ಸ್, ವೇವ್ ಫೈಲ್. ಈ ಫೈಲನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿಟ್ಟು ಮತ್ತೆಂದೂ ಮುಟ್ಟಬೇಡಿ. ಮುಂದಿನ ಕೆಲಸವೆಲ್ಲ ಅದರ ನಕಲಿನ ಮೇಲೆ.

ಇನ್ನು ವೇಗ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಹಳೆಯ ಟೂ ಇನ್ ಒನ್‌ಗಳು, ಅದರಲ್ಲೂ ಸೆಲ್ ಮೇಲೆ ನಡೆದವು, ಇದನ್ನು ಪಾಲಿಸುತ್ತಿರಲಿಲ್ಲ. ಶೇಕಡಾ 3ರಷ್ಟು ವೇಗ ತಪ್ಪಿದರೂ ಶ್ರುತಿ ಅರ್ಧ ಮನೆ (ಮನೆ ಅಂದರೆ ಪೇಟಿಯ ಒಂದು ಕೀಲಿ) ಜಾರುತ್ತದೆ, ಅಜ್ಜನ ದನಿ ಅಜ್ಜನದಾಗಿ ಉಳಿಯುವುದಿಲ್ಲ. ಹೊರದೇಶದ ತಂತ್ರಜ್ಞರು ಟೇಪಿನೊಳಗಿನ ಕರೆಂಟಿನ ಗುಂಯ್ ಅಳೆದು ವೇಗ ಸರಿಪಡಿಸುತ್ತಾರೆ. ನಮ್ಮಲ್ಲಿ ಅದನ್ನು ನಂಬುವಂತಿಲ್ಲ. 90ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನ ಆವರ್ತನ 50 ಹರ್ಟ್ಸ್‌ನಲ್ಲಿ ನಿಲ್ಲುತ್ತಿರಲಿಲ್ಲ, ಬೇಡಿಕೆ ಏರಿದಾಗ 48ರ ಆಸುಪಾಸಿಗೆ ಇಳಿಯುತ್ತಿತ್ತು. ಆದರೆ ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ಅಳತೆಗೋಲು ಇರಬಹುದು. ಆ ಪೇಟಿ ಇನ್ನೂ ಊರಲ್ಲಿದೆಯೇ? ಇದ್ದರೆ ಅಜ್ಜ ಹಾಡುತ್ತಿದ್ದ ಮನೆ ಯಾವುದು, ಕರಿ ಒಂದೋ ಕರಿ ಎರಡೋ ಎಂದು ಹಿಮ್ಮೇಳದವರನ್ನು ಕೇಳಿ. ಅದೇ ಪೇಟಿಯ ಅದೇ ಮನೆ ಒತ್ತಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕ್ಯಾಸೆಟ್ಟಿನ ಪೇಟಿ ಅದಕ್ಕೆ ಕೂಡುವವರೆಗೆ ವೇಗ ಸರಿಮಾಡಿ. ಪೇಟಿಯ ರೀಡು ಮೂವತ್ತು ವರ್ಷದಲ್ಲಿ ಅಲ್ಪಸ್ವಲ್ಪ ಸರಿದಿದ್ದರೂ ಅರ್ಧ ಮನೆಯಷ್ಟು ಸರಿಯುವುದಿಲ್ಲ.

ಈಗ ಎಐ ಕೆಲಸ. ನಿಮಗೆ ಬೇಕಾದದ್ದಕ್ಕೆ ಸ್ಟೆಮ್ ಬೇರ್ಪಡಿಸುವುದು ಎನ್ನುತ್ತಾರೆ. ಒಂದಾಗಿ ಬೆರೆತ ರೆಕಾರ್ಡಿಂಗನ್ನು ದನಿ, ಡ್ರಮ್ಸ್, ಬೇಸ್, ಉಳಿದದ್ದು ಎಂದು ನಾಲ್ಕು ಭಾಗ ಮಾಡುವುದು. 2019ರಲ್ಲಿ ಫ್ರಾನ್ಸಿನ ಡೀಜರ್ ಕಂಪನಿ ಸ್ಪ್ಲೀಟರ್ ಎಂಬುದನ್ನು ಉಚಿತವಾಗಿ ಬಿಟ್ಟಿತು. ಫೇಸ್‌ಬುಕ್‌ನ ಸಂಶೋಧಕರ ಡೆಮಕ್ಸ್ ಕೂಡ ಅದೇ ಕಾಲದ್ದು, ಅದರ ಮುಂದಿನ ಆವೃತ್ತಿಗಳು ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತವೆ. ಅಲ್ಟಿಮೇಟ್ ವೋಕಲ್ ರಿಮೂವರ್ ಎಂಬ ಉಚಿತ ತಂತ್ರಾಂಶದಲ್ಲಿ ಇಂಥ ಹಲವು ಮಾದರಿಗಳು ಒಂದೇ ಕಡೆ ಸಿಗುತ್ತವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಆದರೆ ಆಡಾಸಿಟಿಗೆ (ಆಡಿಯೊ ತಿದ್ದುವ ಉಚಿತ ತಂತ್ರಾಂಶ) ಇಂಟೆಲ್ ಕೊಟ್ಟಿರುವ ಉಚಿತ ಎಐ ಪ್ಲಗಿನ್ ಹಾಕಿಕೊಳ್ಳಿ. ನಿಧಾನ, ಆದರೆ ನಡೆಯುತ್ತದೆ.

ಇದರ ಶಕ್ತಿಗೆ ಒಂದು ಉದಾಹರಣೆ ನಿಮ್ಮ ಕಥೆಗೆ ಬಹಳ ಹತ್ತಿರದ್ದು. 1970ರ ದಶಕದ ಕೊನೆಗೆ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಮನೆಯಲ್ಲಿ ಪಿಯಾನೊ ನುಡಿಸುತ್ತ ಒಂದು ಹಾಡನ್ನು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. 1995ರಲ್ಲಿ ಬೀಟಲ್ಸ್‌ನ ಉಳಿದ ಮೂವರು ಅದನ್ನು ಮುಗಿಸಲು ಕೂತು ಕೈಬಿಟ್ಟರು. ಕ್ಯಾಸೆಟ್ಟಿನ ತುಂಬ ಗುಂಯ್, ಪಿಯಾನೊದ ಕೆಳಗೆ ದನಿ ಮುಳುಗಿಹೋಗಿತ್ತು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ ಬೆಳೆಸಿದ ಬೇರ್ಪಡಿಸುವ ತಂತ್ರದಿಂದ ಆ ದನಿ ಹೊರಗೆ ಬಂತು, 2023ರ ನವೆಂಬರ್‌ನಲ್ಲಿ ಹಾಡು ಬಿಡುಗಡೆಯಾಯಿತು. ಎಐ ಅಲ್ಲಿ ಒಂದು ಸ್ವರವನ್ನೂ ಕಟ್ಟಲಿಲ್ಲ, ಲೆನನ್ ಹಾಡಿದ್ದನ್ನೇ ಬಿಡಿಸಿಕೊಟ್ಟಿತು. ನೀವು ಕೇಳುತ್ತಿರುವುದೂ ಅದನ್ನೇ.

ಆದರೆ ಲೆನನ್ ಅವರ ಪಿಯಾನೊಗೂ ನಿಮ್ಮ ಅಜ್ಜನ ಪೇಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪಿಯಾನೊ ದನಿಯ ಪಕ್ಕದಲ್ಲಿ ತನ್ನದೇ ಸ್ವರಗಳನ್ನು ನುಡಿಸುತ್ತದೆ. ಪೇಟಿ ಹಾಗಲ್ಲ. ಅದು ದನಿಯ ಬೆನ್ನು ಹತ್ತುತ್ತದೆ. ಹಾಡುಗಾರ ಗಾಂಧಾರಕ್ಕೆ ಹೋದರೆ ಪೇಟಿಯೂ ಗಾಂಧಾರ, ಅದೇ ಮನೆ, ಅದೇ ಕ್ಷಣ. ಎರಡರ ನಾದವೂ ಒಂದರ ಮೇಲೊಂದು ಕೂತಿರುವಾಗ ಯಾವ ಎಳೆ ಗಂಟಲಿನದು, ಯಾವುದು ರೀಡಿನದು ಎಂದು ಹೇಳುವುದು ಯಂತ್ರಕ್ಕೆ ಕಷ್ಟ. ಇದರ ಮೇಲೆ, ಇಂಥ ಎಐಗೆ ಬೇರ್ಪಡಿಸುವುದನ್ನು ಕಲಿಸಲು ಹೆಚ್ಚಾಗಿ ಬಳಸುವ ಮ್ಯೂಸ್‌ಡಿಬಿ18 ಎಂಬ ಸಂಗ್ರಹದಲ್ಲಿ ಇರುವುದು 150 ಹಾಡು, ಸುಮಾರು 10 ಗಂಟೆ, ಹೆಚ್ಚಿನವು ಪಾಶ್ಚಾತ್ಯ ಪಾಪ್ ಮತ್ತು ರಾಕ್. ಬಾರ್ಸಿಲೋನಾದ ಸಂಶೋಧಕರು ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತಕ್ಕೆ ಸರಗ ಎಂಬ ಸಂಗ್ರಹ ಮಾಡಿದ್ದಾರೆ. ಅದೂ ಶಾಸ್ತ್ರೀಯಕ್ಕೆ ಸೀಮಿತ.

ಪರಿಣಾಮ ಏನಾಗುತ್ತದೆ ಎಂದು ನಾನು ಕಂಡಿದ್ದನ್ನು ಹೇಳುತ್ತೇನೆ, ನೀವು ನೋಡಿ ಹೆದರಬಾರದು. ತಬಲಾ ಡ್ರಮ್ಸ್ ಭಾಗಕ್ಕೆ ಹೋಗುತ್ತದೆ, ಆದರೆ ಡಗ್ಗಾದ (ಎಡಗೈಯಿಂದ ನುಡಿಸುವ ದೊಡ್ಡದರ) ಮೇಲೆ ಅಂಗೈ ಒತ್ತಿ ಎಳೆದ ಗುಂಕಾರ ಅಲ್ಲಿಂದ ಕಳಚಿಕೊಂಡು ಬೇಸ್‌ಗೆ ಹೋಗಿ ಕೂರುತ್ತದೆ. ಕೆಲವೊಮ್ಮೆ ದನಿಯ ಭಾಗದಲ್ಲೂ ಸಿಗುತ್ತದೆ. ದಮ್ಮಡಿಯ ಗೆಜ್ಜೆ ಚೂರುಚೂರಾಗುತ್ತದೆ. ಹಿಮ್ಮೇಳದವರು ಪಲ್ಲವಿ ಎತ್ತಿಕೊಂಡಾಗ ಅರ್ಧ ಜನ ದನಿಯಲ್ಲಿ, ಅರ್ಧ ಜನ ಉಳಿದದ್ದರಲ್ಲಿ. ಅಜ್ಜ ತಾರಕ್ಕೆ ಏರಿ ದನಿ ಸಣ್ಣ ಮಾಡಿದಲ್ಲಿ ಅವರ ದನಿಯೇ ಒಂದು ಕ್ಷಣ ಪೇಟಿಯ ಕಡೆ ಸೇರಿ ಮತ್ತೆ ಬರುತ್ತದೆ.

ಅದಕ್ಕೇ ನನ್ನ ದಾರಿ ಇದು: ಬೇರ್ಪಡಿಸಿ, ಆದರೆ ಯಾವುದನ್ನೂ ಎಸೆಯಬೇಡಿ. ನಾಲ್ಕೂ ಭಾಗಗಳನ್ನು ನಾಲ್ಕು ಟ್ರ್ಯಾಕಿನಲ್ಲಿಟ್ಟು ಪೇಟಿ ಇರುವ ಭಾಗವನ್ನು 5ರಿಂದ 6 ಡೆಸಿಬೆಲ್ ತಗ್ಗಿಸಿ, ದನಿಯನ್ನು 2 ಏರಿಸಿ, ಮತ್ತೆ ಕೂಡಿಸಿ. ದನಿ ಮುಂದೆ ಬರುತ್ತದೆ, ಪೇಟಿ ಹಿಂದೆ ಸರಿದು ಕೂರುತ್ತದೆ. ಬೇರ್ಪಡಿಸುವಾಗ ಆದ ಗಾಯಗಳನ್ನು ಉಳಿದ ವಾದ್ಯಗಳ ನಾದವೇ ಮುಚ್ಚುತ್ತದೆ. ದನಿಯೊಂದನ್ನೇ ಹೊರತೆಗೆದು ಕೇಳಿದಾಗ ನೀರಿನೊಳಗಿಂದ ಬಂದಂತೆ ಗುಳುಗುಳು ಅನ್ನುವ ಕಡೆಗಳೂ ಹೀಗೆ ಕೂಡಿಸಿದಾಗ ಸಹಜವಾಗುತ್ತವೆ. ಪೇಟಿಯನ್ನು ಪೂರ್ತಿ ತೆಗೆದುಹಾಕುವ ಆಸೆ ನಿಮಗೆ ಬರುತ್ತದೆ, ನನಗೂ ಬಂದಿತ್ತು. ಆದರೆ ಅಜ್ಜ ಹಾಡಿದ್ದು ಆ ಪೇಟಿಗೆ ಕಿವಿ ಕೊಟ್ಟು. ಅದು ಇಲ್ಲವಾದರೆ ಅವರು ಯಾಕೆ ಅಲ್ಲಿ ತಡೆದರು, ಯಾಕೆ ಇಲ್ಲಿ ಓಡಿದರು ಎಂಬುದೇ ತಿಳಿಯುವುದಿಲ್ಲ.

ಫ್ಯಾನು ಮತ್ತು ಗುಂಯ್‌ಗೆ ಎಐ ಬೇಕೆಂದೇನೂ ಇಲ್ಲ. ಗುಂಯ್ ಇರುವುದು 50 ಹರ್ಟ್ಸ್ ಮತ್ತು ಅದರ ಎರಡು, ಮೂರು, ನಾಲ್ಕು ಪಟ್ಟಾದ 100, 150, 200ರ ಸುತ್ತ. ವೇಗ ಸರಿಪಡಿಸಿದ ಮೇಲೆ ಅದು ನಿಜಕ್ಕೂ ಎಲ್ಲಿದೆ ಎಂದು, ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ ನೋಡಿ, ಅಲ್ಲಿ ಮಾತ್ರ ಸಣ್ಣ ಸೀಳು ಕತ್ತರಿಸಿ. ಫ್ಯಾನಿಗೆ ಆಡಾಸಿಟಿಯ ಸಾದಾ ನಾಯ್ಸ್ ರಿಡಕ್ಷನ್ ಸಾಕು. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡಿನ ಖಾಲಿ ಜಾಗವನ್ನು ಮಾದರಿಯಾಗಿ ತೋರಿಸಿ 6 ಡೆಸಿಬೆಲ್ ಮಾತ್ರ ತೆಗೆಯಿರಿ. ಹನ್ನೆರಡು, ಹದಿನೆಂಟು ತೆಗೆಯಬಹುದು, ತೆಗೆಯಬೇಡಿ. ಸ್ವಲ್ಪ ಫ್ಯಾನು ಉಳಿದರೆ ಕಿವಿ ಎರಡು ನಿಮಿಷದಲ್ಲಿ ಮರೆಯುತ್ತದೆ. ಅರ್ಧ ತಿಂದ ದನಿಯನ್ನು ಕಿವಿ ಮರೆಯುವುದಿಲ್ಲ.

ಸದ್ದು ತೆಗೆಯುವ ಪ್ರತಿ ಹೆಜ್ಜೆಯಲ್ಲೂ ಒಂದು ಪರೀಕ್ಷೆ ಮಾಡಿ. ಏಕತಾರಿ ಕಳೆದುಕೊಂಡ ಮೇಲೆ ನಾನು ಇದನ್ನು ಒಂದು ದಿನವೂ ಬಿಟ್ಟಿಲ್ಲ. ಸದ್ದು ತೆಗೆಯುವ ಮುಂಚಿನ, ವೇಗ ಸರಿಪಡಿಸಿದ ನಕಲನ್ನು ಒಂದು ಟ್ರ್ಯಾಕಿನಲ್ಲಿಡಿ. ಸ್ವಚ್ಛ ಮಾಡಿದ್ದನ್ನು ಕೆಳಗಿನ ಟ್ರ್ಯಾಕಿನಲ್ಲಿ, ಒಂದು ಸ್ಯಾಂಪಲ್ಲೂ ಆಚೀಚೆ ಆಗದಂತೆ, ಅದೇ ಮಟ್ಟದಲ್ಲಿಡಿ. ಕೆಳಗಿನದಕ್ಕೆ ಇನ್ವರ್ಟ್ ಒತ್ತಿ ಎರಡನ್ನೂ ಒಟ್ಟಿಗೆ ನುಡಿಸಿ. ಎರಡರಲ್ಲೂ ಇರುವುದು ಒಂದನ್ನೊಂದು ಹೊಡೆದುಹಾಕುತ್ತದೆ, ಸಾಫ್ಟ್‌ವೇರ್ ತೆಗೆದದ್ದು ಮಾತ್ರ ಕೇಳಿಸುತ್ತದೆ. ಅದರಲ್ಲಿ ಬರೀ ಫ್ಯಾನು, ಸುಯ್ ಕೇಳಿಸಿದರೆ ಸರಿ. ತಂತಿಯ ಮಿಡಿತ ಕೇಳಿಸಿದರೆ, ಸ್ವರದ ಬಾಲ ಕೇಳಿಸಿದರೆ, ಅಜ್ಜ ನುಡಿಯ ಕೊನೆಗೆ ಎಳೆದುಕೊಂಡ ಉಸಿರು ಕೇಳಿಸಿದರೆ, ಹಿಂದಕ್ಕೆ ಹೋಗಿ ಕಡಿಮೆ ಮಾಡಿ.

ಒಂದು ಬಗೆಯ ಎಐಯನ್ನು ಮಾತ್ರ ದೂರವಿಡಿ ಎನ್ನುತ್ತೇನೆ: ಕ್ಯಾಸೆಟ್ಟಿನಲ್ಲಿ ಇಲ್ಲದ ಮೇಲಿನ ಆವರ್ತನಗಳನ್ನು ಊಹಿಸಿ ತುಂಬುವಂಥದ್ದು. ರೆಕಾರ್ಡಿಂಗ್ ಹೊಸದರಂತೆ ಹೊಳೆಯುತ್ತದೆ, ನಿಜ. ಆದರೆ ಆ ಹೊಳಪು ಅಜ್ಜನ ಬಾಯಿಂದ ಬಂದದ್ದಲ್ಲ. ಸ ಮತ್ತು ಶ ನಡುವಿನ ವ್ಯತ್ಯಾಸ ಹೆಚ್ಚಾಗಿ ಇರುವುದು ಆ ಮೇಲಿನ ಪಟ್ಟಿಯಲ್ಲಿ. ಮಂಕಾದ ಟೇಪಿನಲ್ಲಿ ಯಂತ್ರ ಒಂದನ್ನು ಇನ್ನೊಂದು ಮಾಡಿ ತುಂಬಬಹುದು, ನಮಗೆ ಗೊತ್ತೇ ಆಗುವುದಿಲ್ಲ. ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲಸಾಹೇಬರ ಪದಗಳು ಬಾಯಿಂದ ಬಾಯಿಗೆ ಬಂದವು. ಒಂದು ಊರಿನ ಪಾಠ ಇನ್ನೊಂದು ಊರಿನದಕ್ಕಿಂತ ಒಂದಕ್ಷರ ಬೇರೆ ಇದ್ದರೆ ಆ ಅಕ್ಷರಕ್ಕೆ ಬೆಲೆ ಇದೆ. ಮಂಕು ಇರಲಿ, ಸುಳ್ಳು ಬೇಡ.

ಇದೇ ಮಾತು ಸ್ವರ ತಿದ್ದುವುದಕ್ಕೂ ಅನ್ವಯ. ಈ ಸಲಕರಣೆಗಳನ್ನು ಹಾಗೇ ಬಿಟ್ಟರೆ ಸಪ್ತಕವನ್ನು ಹನ್ನೆರಡು ಸಮ ಮನೆಗಳಾಗಿ ಹಂಚಿ, ಹಾಡುಗಾರನನ್ನು ಹತ್ತಿರದ ಮನೆಗೆ ಎಳೆದು ಕೂರಿಸುತ್ತವೆ. ಭೈರವಿಯ ಕೋಮಲ ರಿಷಭ ಅಷ್ಟು ನೆಟ್ಟಗೆ ಕೂರುವ ಸ್ವರವಲ್ಲ. ಅಜ್ಜನ ಕ್ಯಾಸೆಟ್ಟಿನ ಮೇಲೆ ಇದನ್ನು ಹಚ್ಚುವ ಪ್ರಶ್ನೆಯೇ ಇಲ್ಲ.

ನಿಮ್ಮ ಯಾದಗಿರಿಯ ರೂಮಿಗೆ ಬರೋಣ. ಸಿಮೆಂಟ್ ಗೋಡೆ, ಬರಿ ನೆಲದ ರೂಮಿನ ಪ್ರತಿಧ್ವನಿಯನ್ನು ತೆಗೆಯುವ ಎಐ ಇದೆ, ಸುಮಾರಾಗಿ ಕೆಲಸವೂ ಮಾಡುತ್ತದೆ. ಆದರೆ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ದಪ್ಪನೆಯ ನಾಲ್ಕು ಕೌದಿ ತೂಗುಹಾಕಿದರೆ ಅದಕ್ಕಿಂತ ಒಳ್ಳೆಯ ಫಲಿತಾಂಶ ಬರುತ್ತದೆ, ದನಿಗೆ ಯಾವ ಹಾನಿಯೂ ಇಲ್ಲ. ಮಿಕ್ಸಿಂಗ್‌ಗೆ ಸಲಹೆ ಕೊಡುವ ಎಐ ಪ್ಲಗಿನ್‌ಗಳನ್ನು ನಾನು ದಿನಾ ಬಳಸುತ್ತೇನೆ, ಎರಡನೆಯ ಕಿವಿಯ ಹಾಗೆ. ರಾತ್ರಿ ಹತ್ತಕ್ಕೆ ನನ್ನ ಕಿವಿ ದಣಿದಾಗ ದನಿಯಲ್ಲಿ ಮೂಗಿನ ನಾದ ಹೆಚ್ಚಾಗಿದೆ ಎಂದು ಅದು ತೋರಿಸಿದರೆ ಬಹುಪಾಲು ಸರಿಯಿರುತ್ತದೆ. ಡಗ್ಗಾದ ವಿಷಯದಲ್ಲಿ ಮಾತ್ರ ಅದರ ಮಾತು ಕೇಳಬೇಡಿ. ಆ ಕೆಳಸ್ತರದ ಗುಂಕಾರವನ್ನು ಅದು ದೋಷ ಎಂದು ತಿಳಿದು ಕತ್ತರಿಸಲು ಹೇಳುತ್ತದೆ.

ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುಂಚೆ ಹಾಡಿಗೆ ಕೊಡುವ ಕೊನೆಯ ಹದ) 2014ರಿಂದ ಲ್ಯಾಂಡರ್‌ನಂಥ ಸೇವೆಗಳಿವೆ. ಮದುವೆ ಹಾಡು, ಜಾತ್ರೆಯ ಡೊಳ್ಳಿನ ಹಾಡು, ನಾಳೆಯೇ ಯೂಟ್ಯೂಬ್‌ಗೆ ಹೋಗಬೇಕಾದ ಕೆಲಸಕ್ಕೆ ಧಾರಾಳವಾಗಿ ಬಳಸಿ. ಭಜನೆಗೆ, ಶಾಸ್ತ್ರೀಯಕ್ಕೆ ಬೇಡ, ಮೆಲ್ಲಗೆ ಹಾಡಿದ್ದನ್ನೂ ಜೋರು ಮಾಡಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಯೂಟ್ಯೂಬ್ ಜೋರಾದ ಹಾಡನ್ನು ತಾನೇ, ಸರಾಸರಿ ಜೋರಿನ ಅಳತೆಯಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸಿಗೆ ತಗ್ಗಿಸುತ್ತದೆ, ಆದ್ದರಿಂದ ಆ ಜೋರಿನಿಂದ ಲಾಭವೂ ಇಲ್ಲ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಹದಿನಾಲ್ಕು ಕ್ಯಾಸೆಟ್ಟಿನ ಸ್ವಚ್ಛ ದನಿ ಕೈಗೆ ಬಂದ ದಿನ ಮನೆಯಲ್ಲಿ ಯಾರಾದರೂ ಕೇಳುತ್ತಾರೆ: ಅಜ್ಜನ ದನಿಯಲ್ಲಿ ಹೊಸ ಪದ ಹಾಡಿಸಬಹುದಲ್ಲ? ತಾಂತ್ರಿಕವಾಗಿ ಆಗುತ್ತದೆ. 2024ರಲ್ಲಿ ಎ.ಆರ್. ರೆಹಮಾನ್ ಅವರು ತೀರಿಕೊಂಡ ಇಬ್ಬರು ಗಾಯಕರ, ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಒಂದು ತಮಿಳು ಹಾಡಿಗೆ ಎಐಯಿಂದ ತಂದರು. ಎರಡೂ ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿದ್ದಾಗಿ ಹೇಳಿದರು. ಅದು ಸಿನಿಮಾ, ಅವರಿಬ್ಬರೂ ಹಿನ್ನೆಲೆ ಗಾಯಕರು. ತತ್ವಪದ ಹಾಡುವವರು ಗುರುವಿನಿಂದ ಪಡೆದದ್ದನ್ನು ತಮ್ಮ ಬಾಳಿಗೆ ಹಚ್ಚಿಕೊಂಡು ಹಾಡಿದವರು. ಅಜ್ಜ ಹಾಡದೇ ಇದ್ದದ್ದನ್ನು ಅವರ ಗಂಟಲಿಗೆ ಹಾಕುವ ಕೆಲಸ ನನ್ನಿಂದಾಗದು. ನೀವು ಮಾಡಬಾರದು ಎಂದೇ ನನ್ನ ಸಲಹೆ. ಫೈಲುಗಳನ್ನು ಆನ್‌ಲೈನ್ ಸೇವೆಗಳಿಗೆ ಕೊಡುವ ಮುಂಚೆಯೂ ಯೋಚಿಸಿ. ನಾನು ಮೇಲೆ ಹೇಳಿದ ಬೇರ್ಪಡಿಸುವ ತಂತ್ರಾಂಶಗಳೆಲ್ಲ ನಿಮ್ಮ ಲ್ಯಾಪ್‌ಟಾಪಿನಲ್ಲೇ, ಇಂಟರ್‌ನೆಟ್ ಇಲ್ಲದೆಯೇ ನಡೆಯುತ್ತವೆ.

ಕೊನೆಯದಾಗಿ ಪದಗಳ ಪಠ್ಯ. ದನಿಯನ್ನು ಬರಹ ಮಾಡುವ ಎಐ ಕನ್ನಡಕ್ಕೂ ಇದೆ. ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಉಚಿತ, ಮದ್ರಾಸ್ ಐಐಟಿಯ ಎಐ4ಭಾರತ್ ಮಾದರಿಗಳೂ ಉಚಿತ. ಬೇರ್ಪಡಿಸಿದ ದನಿಯ ಟ್ರ್ಯಾಕನ್ನು ಕೊಟ್ಟರೆ ಮೊದಲ ಕರಡು ಬರುತ್ತದೆ, ಯಾವ ಪದ ಎಷ್ಟನೆಯ ನಿಮಿಷದಲ್ಲಿದೆ ಎಂಬ ಸೂಚಿ ಸಿಗುತ್ತದೆ. ಹದಿನಾಲ್ಕು ಕ್ಯಾಸೆಟ್ಟಿಗೆ ಅಷ್ಟೇ ದೊಡ್ಡ ಸಹಾಯ. ಅದರ ಮೇಲೆ ನಂಬಿಕೆ ಮಾತ್ರ ಇಡಬೇಡಿ. ಹಾಡಿನಲ್ಲಿ ಎಳೆದ ಅಕ್ಷರ, ನಮ್ಮ ಕಡೆಯ ಕನ್ನಡ, ನಡುನಡುವೆ ಬರುವ ಉರ್ದು ಮಾತು, ಇವು ಮೂರೂ ಅದಕ್ಕೆ ತೊಡಕು. ಬರೀ ಪೇಟಿ ನುಡಿಯುವ ಕಡೆ ಯಾರೂ ಹಾಡದ ಸಾಲನ್ನು ತಾನೇ ಬರೆಯುತ್ತದೆ. ಕೊನೆಯ ನುಡಿಯ ಅಂಕಿತವನ್ನು ಗುರುತಿಸದೆ ಬೇರೇನೋ ಮಾಡುತ್ತದೆ.

ಅದಕ್ಕೆ ಆ ಕರಡನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಅಜ್ಜನ ಹಿಮ್ಮೇಳದಲ್ಲಿ ಕೂತವರು ಯಾರು ಉಳಿದಿದ್ದಾರೋ ಅವರನ್ನು ಒಂದು ಸಂಜೆ ಮನೆಗೆ ಕರೆಯಿರಿ. ಒಳ್ಳೆಯ ಸ್ಪೀಕರ್‌ನಲ್ಲಿ ಒಂದೊಂದೇ ಪದ ಹಾಕಿ, ನುಡಿ ನುಡಿಗೂ ನಿಲ್ಲಿಸಿ, ತಪ್ಪಿದ್ದನ್ನು ತಿದ್ದಿಸಿಕೊಳ್ಳಿ. ಅವರು ತಿದ್ದುತ್ತ ತಿದ್ದುತ್ತ ತಾವೇ ಹಾಡಲು ಶುರು ಮಾಡುತ್ತಾರೆ. ಆಗ ನಿಮ್ಮ ಮೈಕ್ ಆನ್ ಆಗಿರಲಿ, ಫ್ಯಾನು ಆಫ್ ಆಗಿರಲಿ.